ಎತ್ತು ನಡೆದ ದಾರಿ, ಕಾಗದದಲ್ಲಿಲ್ಲದ ತಾಂಡಾ

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ಸಾವಿರಾರು ಜನ ಇಳೀತಾರೆ. ಇಳಿದು ಆಟೋ ಹಿಡಿದು, ಕೋರ್ಟು ಕಚೇರಿ ಕೆಲಸ ಮುಗಿಸಿ, ಮತ್ತೆ ಬಸ್ಸು ಹತ್ತಿ ಊರಿಗೆ ಹೋಗ್ತಾರೆ. ಪಕ್ಕದಲ್ಲೇ ಕೋಟೆ ಇದೆ. ಎಷ್ಟು ಜನ ತಲೆ ಎತ್ತಿ ನೋಡಿದ್ದೀರಿ ಹೇಳಿ? ಆ ಕೋಟೆಯ ಗೋಡೆಯಲ್ಲಿ ಒಂದು ಕಲ್ಲಿದೆ. ನಲವತ್ತು ಅಡಿಗೂ ಹೆಚ್ಚು ಉದ್ದ. ತುಂಡು ತುಂಡು ಜೋಡಿಸಿದ್ದಲ್ಲ ಸ್ವಾಮಿ, ಒಂದೇ ಕಲ್ಲು. ಅದರ ಮೇಲೆ 1294ನೇ ಇಸವಿಯ ಶಾಸನ ಇದೆ, ಕಾಕತೀಯರ ಕಾಲದ್ದು. ಇತಿಹಾಸದ ಪುಸ್ತಕಗಳೆಲ್ಲ ಆ ಶಾಸನದ ಬಗ್ಗೆ ಹೇಳ್ತವೆ. ನಾನು ಹೇಳಬೇಕು ಅಂತಿರೋದು ಅದರ ಜೊತೆಗೆ ಕೆತ್ತಿರುವ ಚಿತ್ರದ ಬಗ್ಗೆ.

ಚಿತ್ರದಲ್ಲಿ ಏನಿದೆ? ಒಂದು ಗಾಡಿ. ಗಾಡಿಯ ಮೇಲೆ ಅದೇ ಉದ್ದನೆಯ ಕಲ್ಲು. ಮುಂದೆ ಎಳೆಯುತ್ತಿರುವ ದನಗಳ ದೊಡ್ಡ ಸಾಲು. ಪಕ್ಕದಲ್ಲಿ ಹೊಡೆದುಕೊಂಡು ಹೋಗುವ ಆಳುಗಳು. ಅಂದರೆ ಏಳುನೂರು ವರ್ಷದ ಹಿಂದೆ ಆ ಬಂಡೆ ಅಲ್ಲಿಗೆ ಬಂದದ್ದು ಹೇಗೆ ಅಂತ ಕಲ್ಲುಕುಟಿಗ ಕಲ್ಲಿನಲ್ಲೇ ವರದಿ ಬರೆದಿಟ್ಟಿದ್ದಾನೆ. ದೊರೆಯ ಹೆಸರು, ಸೇನಾಪತಿಯ ಹೆಸರು ಅಕ್ಷರದಲ್ಲಿದೆ. ದನದ ಬೆವರು ಚಿತ್ರದಲ್ಲಿದೆ. ನಾವು ಅಕ್ಷರ ಓದಿದೆವು, ಚಿತ್ರ ಮರೆತೆವು.

ಇವತ್ತಿನ ಮಾತು ಆ ಮರೆತ ಚಿತ್ರದ್ದು. ದನಗಳು ನಡೆದ ದಾರಿಯದ್ದು, ದನ ಹೊಡೆದುಕೊಂಡು ನಡೆದ ಜನರದ್ದು. ಆ ಜನ ಎಲ್ಲೂ ಹೋಗಿಲ್ಲ. ದೇವದುರ್ಗದ ತಾಂಡಾಗಳಲ್ಲಿದ್ದಾರೆ, ಮಾನ್ವಿಯ ತಾಂಡಾಗಳಲ್ಲಿದ್ದಾರೆ. ಬಿಸಿಲು ಏರಿದಾಗ ಗಂಟು ಮೂಟೆ ಕಟ್ಟಿಕೊಂಡು ದುಡಿಯಲು ಹೋಗುವ ಸಾಲಿನಲ್ಲೂ ಅವರೇ ಇದ್ದಾರೆ.

ಮೊದಲು ನೆಲ ನೋಡೋಣ. ರಾಯಚೂರು ಅಂದರೆ ದೋಆಬ್. ಎರಡು ನದಿಗಳ ನಡುವಿನ ನೆಲ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ದೇವದುರ್ಗ ಕೃಷ್ಣೆಯ ಮಗ್ಗುಲಿಗೆ, ಮಾನ್ವಿ ತುಂಗಭದ್ರೆಯ ಮಗ್ಗುಲಿಗೆ. ನಡುವೆ ಎರೆ ಭೂಮಿ, ಅಲ್ಲಲ್ಲಿ ಬಂಡೆಗಲ್ಲಿನ ಗುಡ್ಡ. ಈ ನೆಲಕ್ಕಾಗಿ ಬಹಮನಿಗಳು ಮತ್ತು ವಿಜಯನಗರದವರು ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹ್ ಇಲ್ಲೇ ಯುದ್ಧ ಮಾಡಿದರು. ಯುದ್ಧದ ಕಥೆ ಎಲ್ಲರಿಗೂ ಗೊತ್ತು. ಆದರೆ ಒಂದು ಪ್ರಶ್ನೆ ಯಾರೂ ಕೇಳಲ್ಲ. ಲಕ್ಷಾಂತರ ಜನರ ದಂಡು ಬಂದು ಈ ಬಿಸಿಲಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿದಾಗ, ಅವರಿಗೆ ಊಟ ಎಲ್ಲಿಂದ ಬಂತು? ಜೋಳ ಯಾರು ತಂದರು? ಉಪ್ಪು ಯಾರು ತಂದರು?

ಆ ಪ್ರಶ್ನೆಗೆ ಉತ್ತರ ಕೊಡೋ ಮೊದಲು ಇನ್ನೂ ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ಬನ್ನಿ.

ನಮ್ಮ ಕಡೆ ಹಳ್ಳಿಗಳಲ್ಲಿ ಬೂದಿ ದಿಬ್ಬ ಅಂತ ಕರೀತಾರೆ. ರಾಯಚೂರು, ಬಳ್ಳಾರಿ, ಸುರಪುರದ ಸೀಮೆಯಲ್ಲಿ ಇಂಥ ದಿಬ್ಬಗಳು ಹತ್ತಾರು. ಬೂದಿ ಬಣ್ಣದ ಮಣ್ಣಿನ ಗುಡ್ಡೆ, ಕೆಲವು ಕಡೆ ಒಂದೆರಡು ಆಳೆತ್ತರ, ಕೆಲವು ಕಡೆ ಇನ್ನೂ ಎತ್ತರ. ಜನ ಅದಕ್ಕೆ ಪುರಾಣ ಕಟ್ಟಿದರು. ಹಂಪಿ ಹತ್ತಿರ ನಿಂಬಾಪುರದಲ್ಲಿರುವುದು ವಾಲಿಯನ್ನು ಸುಟ್ಟ ಬೂದಿ ಅಂದರು. ಇನ್ನೊಂದು ಕಡೆ ರಾಕ್ಷಸನನ್ನು ಸುಟ್ಟದ್ದು ಅಂದರು. ಬ್ರಿಟಿಷರು ಬಂದ ಮೇಲೆ ಕೆಲವರು ಜ್ವಾಲಾಮುಖಿ ಇರಬಹುದಾ ಅಂತ ಯೋಚಿಸಿದರು. ಕಡೆಗೆ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ, ಇದು ಸುಟ್ಟ ಸಗಣಿಯ ರಾಶಿ ಅಂತ ವಾದಿಸಿದ. ಯಾರಿಗೂ ಸುಲಭಕ್ಕೆ ನಂಬಿಕೆ ಬರಲಿಲ್ಲ. ಇಷ್ಟೊಂದು ಸಗಣಿಯಾ? ಯಾವ ದನದ್ದು?

1957ರಲ್ಲಿ ರೇಮಂಡ್ ಆಲ್ಚಿನ್ ಅನ್ನೋ ಪುರಾತತ್ವಜ್ಞ ಉತ್ನೂರಿನ ದಿಬ್ಬವನ್ನು ಅಗೆದ. ಉತ್ನೂರು ಈಗ ತೆಲಂಗಾಣದ ಗದ್ವಾಲ ಜಿಲ್ಲೆಗೆ ಸೇರಿದ್ದು, ಆದರೆ ನೆಲ ಇದೇ ದೋಆಬ್. ಅಗೆದಾಗ ಸಿಕ್ಕಿದ್ದು ಏನು ಗೊತ್ತಾ? ದಿಬ್ಬದ ಕೆಳಗೆ ಸುತ್ತಲೂ ಗೂಟ ನೆಟ್ಟ ಗುಳಿಗಳು. ಮರದ ಕಂಬ ನೆಟ್ಟು ಬೇಲಿ ಕಟ್ಟಿದ್ದರು. ಒಳಗಡೆ ದನ ತುಳಿದ ಗುರುತು. ಗೊರಸಿನ ಅಚ್ಚು ಹಾಗೇ ಉಳಿದಿತ್ತು! ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಒಂದು ಹಸು ಇಟ್ಟ ಹೆಜ್ಜೆ ಬೂದಿಯಲ್ಲಿ ಕೂತಿತ್ತು. ಅದು ದೊಡ್ಡಿ, ಸ್ವಾಮಿ. ದನದ ದೊಡ್ಡಿ. ರಾತ್ರಿ ದನ ಕೂಡಿ ಹಾಕ್ತಿದ್ದರು, ಸಗಣಿ ರಾಶಿ ಬೀಳ್ತಿತ್ತು, ಆಗಾಗ ಬೆಂಕಿ ಇಡ್ತಿದ್ದರು. ಮತ್ತೆ ದನ, ಮತ್ತೆ ಸಗಣಿ, ಮತ್ತೆ ಬೆಂಕಿ. ಪದರದ ಮೇಲೆ ಪದರ.

ಬೆಂಕಿ ಯಾಕೆ ಇಟ್ಟರು? ಇಲ್ಲಿ ವಿದ್ವಾಂಸರಲ್ಲಿ ಜಗಳ ಇದೆ. ಹುಳ ಹುಪ್ಪಟೆ ಸಾಯಲಿ ಅಂತ ಇರಬಹುದು ಅಂತ ಕೆಲವರು. ಇಲ್ಲ, ಅದು ಹಬ್ಬ ಅಂತ ಕೆಲವರು. ಆಲ್ಚಿನ್ ಅದನ್ನು ದನಕ್ಕೂ ಬೆಂಕಿಗೂ ಸಂಬಂಧ ಇರುವ ನಮ್ಮ ಹಬ್ಬಗಳ ಜೊತೆ ಇಟ್ಟು ನೋಡಿದ. ಹಳೇ ಮೈಸೂರು ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸ್ತಾರಲ್ಲ, ಅಂಥದ್ದು. ಮುದಗಲ್ ಹತ್ತಿರದ ಪಿಕ್ಲಿಹಾಳದ ಬಂಡೆಗಳ ಮೇಲೆ ಆ ಕಾಲದ ಜನ ಉದ್ದ ಕೊಂಬಿನ, ದೊಡ್ಡ ಡುಬ್ಬದ ಎತ್ತುಗಳ ಚಿತ್ರ ಕುಟ್ಟಿಟ್ಟಿದ್ದಾರೆ. ಈ ಸೀಮೆಯ ಶಿಲಾಯುಗದ ನೆಲೆಗಳಲ್ಲಿ ಮಣ್ಣಿನ ಎತ್ತಿನ ಗೊಂಬೆಗಳೂ ಸಿಕ್ಕಿವೆ. ಇವತ್ತಿಗೂ ಮಣ್ಣೆತ್ತಿನ ಅಮವಾಸ್ಯೆ ಬಂದರೆ ರಾಯಚೂರಿನ ಮಕ್ಕಳು ಏನು ಮಾಡ್ತಾರೆ? ಎರೆ ಮಣ್ಣು ತಂದು ಎತ್ತು ಮಾಡ್ತಾರೆ. ಅದೇ ಪದ್ಧತಿ ಇದು ಅಂತ ನಾನು ಹೇಳ್ತಿಲ್ಲ, ನಾಲ್ಕು ಸಾವಿರ ವರ್ಷದ ದಾರ ಹಿಡಿದು ಎಳೆಯೋದು ಅಷ್ಟು ಸುಲಭ ಅಲ್ಲ. ಆದರೆ ಈ ನೆಲದಲ್ಲಿ ಎತ್ತು ಅಂದರೆ ಬರೀ ಪ್ರಾಣಿ ಅಲ್ಲ ಅನ್ನೋದಂತೂ ನಿಜ.

ಕೃಷ್ಣೆ ದಾಟಿ, ತಿಂಥಣಿ ಸೇತುವೆಯ ಆ ಕಡೆ ಸುರಪುರ ಸೀಮೆಗೆ ಹೋದರೆ ಬೂದಿಹಾಳ. ಹೆಸರಲ್ಲೇ ಬೂದಿ ಇದೆ ನೋಡಿ. ಅಲ್ಲಿ ಕೆ. ಪದ್ದಯ್ಯ ಅವರ ತಂಡ ವರ್ಷಗಟ್ಟಲೆ ಉತ್ಖನನ ಮಾಡಿ, ದೊಡ್ಡಿಯ ಪಕ್ಕದಲ್ಲೇ ಜನರ ವಸತಿ ಇತ್ತು ಅಂತ ತೋರಿಸಿತು. ಅಂದರೆ ಕರ್ನಾಟಕದಲ್ಲಿ ಊರು ಅನ್ನೋದು ಹುಟ್ಟಿದ ಕಥೆಯಲ್ಲೇ ದನದ ದೊಡ್ಡಿ ಇದೆ. ಮೇವು ಇದ್ದ ಕಡೆ ದನ ಹೋಯಿತು, ದನ ಹೋದ ಕಡೆ ಮನುಷ್ಯ ಹೋದ, ಕೂತ ಕಡೆ ಊರಾಯಿತು. ಇಂಥ ದಿಬ್ಬಗಳಿಗೆ ಏನಾಗ್ತಿದೆ? ಬೂದಿ ಮಣ್ಣು ಹೊಲಕ್ಕೆ ಒಳ್ಳೇದು ಅಂತ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊತ್ತು ಹಾಕಿದ್ದಾರೆ. ರೈತನನ್ನು ಬೈಯೋಕೆ ಆಗಲ್ಲ. ಅದೇನು ಅಂತ ಅವನಿಗೆ ಯಾರೂ ಹೇಳಲೇ ಇಲ್ಲವಲ್ಲ!

ಸರಿ, ಈಗ ಆ ಪ್ರಶ್ನೆಗೆ ಬರೋಣ. ದಂಡಿಗೆ ಊಟ ಯಾರು ತಂದರು?

ಎರೆ ಭೂಮಿಯ ಗುಣ ಗೊತ್ತಿರುವವರಿಗೆ ಇದು ಅರ್ಥ ಆಗುತ್ತೆ. ಒಂದು ಮಳೆ ಬಿದ್ದರೆ ಸಾಕು, ಬಂಡಿ ಗಾಲಿ ಹೂತು ನಿಲ್ಲುತ್ತೆ. ಡಾಂಬರಿಲ್ಲದ ಕಾಲದಲ್ಲಿ ನೂರಾರು ಮೈಲಿ ಬಂಡಿಯಲ್ಲಿ ಧಾನ್ಯ ಸಾಗಿಸೋದು ಕಷ್ಟದ ಕೆಲಸ. ಆಗ ಬಂದದ್ದು ಹೇರಿನ ಎತ್ತು. ಬೆನ್ನ ಮೇಲೆ ಎರಡೂ ಕಡೆ ಇಳಿಬಿಟ್ಟ ಗೋಣಿ ಚೀಲ, ಅದರಲ್ಲಿ ಜೋಳ, ಅಕ್ಕಿ, ಬೇಳೆ, ಉಪ್ಪು. ಗಾಲಿ ಬೇಡ, ರಸ್ತೆ ಬೇಡ. ಹೊಳೆ ಇಳಿದಾಗ ನಡೆದೇ ದಾಟಬಹುದು. ದಾರಿಯುದ್ದಕ್ಕೂ ಹುಲ್ಲು ತಿನ್ನುತ್ತೆ, ಹಳ್ಳದ ನೀರು ಕುಡಿಯುತ್ತೆ. ಡೀಸೆಲ್ ಖರ್ಚಿಲ್ಲದ ಲಾರಿ ಅದು. ಈ ಎತ್ತುಗಳನ್ನು ಸಾವಿರಗಟ್ಟಲೆ ಹೊಡೆದುಕೊಂಡು ಇಡೀ ದಖ್ಖನ್ ತಿರುಗಿದವರು ಬಂಜಾರರು. ನಾವು ಲಂಬಾಣಿ ಅಂತೀವಲ್ಲ, ಅವರು. ಲವಣ ಸಾಗಿಸಿದವರು ಲಂಬಾಣಿ ಆದರು ಅಂತ ಒಂದು ವಿವರಣೆ, ವಾಣಿಜ್ಯದಿಂದ ಬಂಜಾರ ಬಂತು ಅಂತ ಇನ್ನೊಂದು. ಉಪ್ಪೋ ವ್ಯಾಪಾರವೋ, ಎರಡೂ ಅವರ ಕಸುಬನ್ನೇ ಹೇಳ್ತವೆ.

ಎಷ್ಟು ದೊಡ್ಡ ಕಸುಬು ಅದು? 1632ರಲ್ಲಿ ಪೀಟರ್ ಮಂಡಿ ಅನ್ನೋ ಇಂಗ್ಲಿಷ್ ವ್ಯಾಪಾರಿ ಆಗ್ರಾದಿಂದ ಪಾಟ್ನಾ ಕಡೆ ಹೊರಟಿದ್ದ. ದಾರಿಯಲ್ಲಿ ಒಂದು ತಾಂಡಾ ಎದುರಾಯಿತು. ಅವನು ಬರೆದಿಟ್ಟ ಲೆಕ್ಕ, 14,000 ಎತ್ತು. ಎಲ್ಲದರ ಬೆನ್ನ ಮೇಲೂ ಧಾನ್ಯ. ಒಂದು ಎತ್ತಿಗೆ ಒಂದು ಕ್ವಿಂಟಲ್ ಅಂತ ಹಿಡಿದರೂ 1,400 ಟನ್ ಆಯಿತು. ಇವತ್ತಿನ ಹತ್ತು ಟನ್ ಲಾರಿಯಲ್ಲಿ ಲೆಕ್ಕ ಹಾಕಿ, 140 ಲಾರಿ ಸಾಲಾಗಿ ಹೋದ ಹಾಗೆ! ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯಲ್ಲ, ಹೆಂಡತಿ ಮಕ್ಕಳು ಜೊತೆಗೇ ಇರ್ತಾರೆ ಅಂತಲೂ ಅವನು ಬರೆದ. ಅದೇ ಶತಮಾನದಲ್ಲಿ ಗೋಲ್ಕೊಂಡಕ್ಕೆ ವಜ್ರ ಕೊಳ್ಳಲು ಬರ್ತಿದ್ದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲಿನ ಬಗ್ಗೆ ಬರೆದಿದ್ದಾನೆ. ದಾರಿ ಇಕ್ಕಟ್ಟಾಗಿದ್ದ ಕಡೆ ಈ ಸಾಲು ಬಂದರೆ ಎರಡು ಮೂರು ದಿನ ಕಾಯಬೇಕಿತ್ತಂತೆ. ನಾಲ್ಕು ಪಂಗಡ, ಒಂದೊಂದು ಪಂಗಡಕ್ಕೆ ಒಂದೊಂದು ಸರಕು ಅಂತಲೂ ಹೇಳ್ತಾನೆ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ಮಾತಾಡ್ತೀವಿ ನಾವು!

ಈ ತಾಂಡಾ ನಡೆಯುತ್ತಿದ್ದ ರೀತಿ ನೋಡಿ. ಮೇಲೆ ನಾಯಕ. ಅವನ ಜೊತೆ ಕಾರಭಾರಿ, ಡಾವ್. ಯಾವ ದಾರಿ, ಯಾವ ಹಳ್ಳ, ಎಲ್ಲಿ ಬಿಡಾರ, ಜಗಳ ಬಂದರೆ ತೀರ್ಮಾನ ಏನು, ಎಲ್ಲಾ ಅವರದ್ದೇ. ಮುಂದೆ ಒಂದು ಎತ್ತು, ಕೊಂಬಿಗೆ ಕವಡೆ, ಕೊರಳಿಗೆ ಗಂಟೆ. ದೇವರಿಗೆ ಬಿಟ್ಟ ಎತ್ತಿನ ಮೇಲೆ ಹೇರು ಹಾಕ್ತಿರಲಿಲ್ಲ. ಅದು ನಿಂತ ಕಡೆ ಬಿಡಾರ ಅನ್ನೋ ಪದ್ಧತಿ ಇತ್ತು. ಬೇಸಿಗೆ ಚಳಿಗಾಲ ನಡಿಗೆ, ಮಳೆಗಾಲ ಮೇವಿರುವ ಕಡೆ ಬಿಡಾರ. ಧಾನ್ಯ ಉಪ್ಪಿನ ಜೊತೆಗೆ ದನವನ್ನೂ ಮಾರುತ್ತಿದ್ದರು. ಎಷ್ಟೋ ಹಳ್ಳಿಗೆ ಒಳ್ಳೇ ಎತ್ತು ಬರ್ತಿದ್ದದ್ದೇ ತಾಂಡಾದಿಂದ.

ಇಲ್ಲಿ ಒಂದು ಮುಖ್ಯವಾದ ಮಾತಿದೆ. ಎರಡು ಸೈನ್ಯ ಎದುರುಬದುರು ನಿಂತಿರಲಿ, ಬಂಜಾರರ ಎತ್ತಿನ ಸಾಲು ನಡುವೆ ಹಾದು ಹೋಗಬಹುದಿತ್ತು. ಯಾಕೆ? ಇವತ್ತು ಅವರನ್ನು ಲೂಟಿ ಮಾಡಿದರೆ ನಾಳೆ ನಿನ್ನ ದಂಡಿಗೆ ಜೋಳ ತರೋರು ಯಾರು? ಹಸಿವಿನ ಭಯ ಅದಕ್ಕೆ ಗ್ಯಾರಂಟಿ. ಬಂಜಾರರಲ್ಲಿ ಒಂದು ಐತಿಹ್ಯ ಇದೆ. ಶಾಹಜಹಾನನ ವಜೀರ ಆಸಫ್ ಖಾನ್ ಬಿಜಾಪುರದ ಮೇಲೆ ದಂಡೆತ್ತಿ ಬಂದಾಗ, ಅವನ ಸೈನ್ಯಕ್ಕೆ ಸರಬರಾಜು ಮಾಡಿದ ಭಂಗಿ, ಜಂಗಿ ಎಂಬ ನಾಯಕರಿಗೆ ತಾಮ್ರಪಟ ಕೊಟ್ಟನಂತೆ. ದಾರಿಯಲ್ಲಿ ಸಿಕ್ಕ ನೀರು ಕುಡಿಯಬಹುದು, ಹುಲ್ಲು ಮೇಯಿಸಬಹುದು, ಯಾರೂ ತಡೆಯೋ ಹಾಗಿಲ್ಲ ಅಂತ. ಆ ತಾಮ್ರಪಟದಲ್ಲಿ ಅವರು ಊರು ಕೇಳಲಿಲ್ಲ, ಜಹಗೀರು ಕೇಳಲಿಲ್ಲ. ಕೇಳಿದ್ದು ಮೇವು, ನೀರು. ಅಂದರೆ ದಾರಿಯ ಹಕ್ಕು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಇಂಗ್ಲಿಷರಿಗೂ ಈ ಪಾಠ ಬೇಗ ಗೊತ್ತಾಯಿತು. 1791ರ ಮೇ ತಿಂಗಳು. ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಯುದ್ಧದಲ್ಲಿ ಮೇಲುಗೈ ಆಗಿತ್ತು. ಆದರೆ ಎತ್ತುಗಳು ಸತ್ತವು, ಧಾನ್ಯ ಖಾಲಿ. ದೊಡ್ಡ ದೊಡ್ಡ ಫಿರಂಗಿಗಳನ್ನು ತಾನೇ ಕೈಯಾರೆ ಒಡೆದು ಹಾಕಿ ವಾಪಸ್ ಹೋದ. ಮುಂದಿನ ಸಲ, 1792ರಲ್ಲಿ ಬಂದಾಗ ಅವನ ಜೊತೆ ಬಂಜಾರರ ಎತ್ತಿನ ಸಾಲುಗಳಿದ್ದವು. ಫಲಿತಾಂಶ ನಿಮಗೆ ಗೊತ್ತೇ ಇದೆ. ಮುಂದೆ ವೆಲ್ಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿಯ ದಖ್ಖನ್ ಪತ್ರಗಳಲ್ಲೂ ಬ್ರಿಂಜಾರಿ, ಬ್ರಿಂಜಾರಿ ಅಂತ ಮತ್ತೆ ಮತ್ತೆ ಬರುತ್ತೆ. ಸರಿಯೋ ತಪ್ಪೋ, ಯಾರ ಪರವಾಗಿಯೋ, ದಖ್ಖನ್ನಿನ ಹೊಟ್ಟೆ ತುಂಬಿಸಿದ್ದು ಎತ್ತಿನ ಬೆನ್ನು. ನಮ್ಮ ಪಠ್ಯಪುಸ್ತಕದಲ್ಲಿ ಕುದುರೆ ಇದೆ, ಆನೆ ಇದೆ, ಫಿರಂಗಿ ಇದೆ. ಎತ್ತು ಎಲ್ಲಿದೆ ತೋರಿಸಿ!

ಈಗ ಕಥೆ ತಿರುಗುವ ಜಾಗಕ್ಕೆ ಬಂದೆವು. ಅದು ರಾಯಚೂರು. ವರ್ಷ 1871.

ಬೊಂಬಾಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಹಳಿ ಹಾಕುತ್ತಾ ಬಂತು. ಮದರಾಸು ಕಡೆಯಿಂದ ಮದ್ರಾಸ್ ರೈಲ್ವೆ ಹಳಿ ಹಾಕುತ್ತಾ ಬಂತು. ಎರಡೂ ಬಂದು ಸೇರಿದ್ದು ಎಲ್ಲಿ? ನಮ್ಮ ರಾಯಚೂರಿನಲ್ಲಿ. 1871ರಲ್ಲಿ ಬೊಂಬಾಯಿಗೂ ಮದರಾಸಿಗೂ ರಾಯಚೂರಿನ ಮೂಲಕ ರೈಲಿನ ಸಂಪರ್ಕ ಆಯಿತು. ದೇಶಕ್ಕೆ ದೊಡ್ಡ ಸುದ್ದಿ. ಹತ್ತಿ, ಎಣ್ಣೆಬೀಜ, ಧಾನ್ಯ ಎಲ್ಲಾ ರೈಲು ಹತ್ತಿದವು. ರಾಯಚೂರಿನ ಮಾರುಕಟ್ಟೆ ಬೆಳೆಯಿತು. ಒಳ್ಳೇದೇ ಆಯಿತು, ಇಲ್ಲ ಅನ್ನಲ್ಲ. ಆದರೆ ಎತ್ತಿನ ಸಾಲಿಗೆ ಒಂದು ತಿಂಗಳು ಹಿಡಿಯುತ್ತಿದ್ದ ದಾರಿಯನ್ನು ರೈಲು ಎರಡು ದಿನದಲ್ಲಿ ಮುಗಿಸಿತು. ಆ ಎತ್ತಿನವರು ಎಲ್ಲಿಗೆ ಹೋಗಬೇಕು? ಉಪ್ಪಿನ ಮೇಲೆ ಸರ್ಕಾರದ ಹಿಡಿತ, ಕಾಡಿನ ಮೇಲೆ ಅರಣ್ಯ ಕಾನೂನು. ಸರಕೂ ಇಲ್ಲ, ಮೇವೂ ಇಲ್ಲ.

ಅದೇ 1871ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸರ್ಕಾರ ಇನ್ನೊಂದು ಕೆಲಸ ಮಾಡಿತು. ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಅಪರಾಧಿಗಳು ಅನ್ನೋ ಕಾನೂನು. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂತು, 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ಬಂತು. ತಿರುಗಾಡುವ ಜನ ಅಂದರೆ ಅನುಮಾನ. ಮನೆ ಇಲ್ಲ, ವಿಳಾಸ ಇಲ್ಲ, ಹಾಗಾದರೆ ಕಳ್ಳನೇ ಇರಬೇಕು! ಹಲವು ಕಡೆ ಬಂಜಾರರ ಹೆಸರೂ ಆ ಪಟ್ಟಿಗೆ ಸೇರಿತು. ಯೋಚನೆ ಮಾಡಿ. ನಿನ್ನೆವರೆಗೂ ಎದುರಾಳಿ ಸೈನ್ಯಗಳೂ ದಾರಿ ಬಿಡುತ್ತಿದ್ದ ಜನ, ಇವತ್ತು ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕು. ದಾರಿಯೇ ಅವರ ಬದುಕಾಗಿತ್ತು, ದಾರಿಯಲ್ಲಿ ಇರೋದೇ ಅಪರಾಧ ಆಯಿತು. ಈ ಕಾನೂನು ರದ್ದಾಗಿದ್ದು ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ, 1952ರ ಆಗಸ್ಟ್ 31ರಂದು. ಆ ದಿನವನ್ನು ಇವತ್ತಿಗೂ ವಿಮುಕ್ತ ದಿನ ಅಂತ ಆಚರಿಸ್ತಾರೆ. ನಮಗೆ ಆಗಸ್ಟ್ 15 ಒಂದೇ ಗೊತ್ತು.

ದಾರಿ ಮುಚ್ಚಿದ ಮೇಲೆ ಎತ್ತಿನ ಸಾಲು ಎಲ್ಲಿ ನಿಂತಿತೋ ಅಲ್ಲೇ ಕೂತಿತು. ತಾಂಡಾ ಅನ್ನೋ ಮಾತಿನ ಅರ್ಥವೇ ಬದಲಾಯಿತು. ಮೊದಲು ತಾಂಡಾ ಅಂದರೆ ನಡೆಯುವ ಗುಂಪು. ಈಗ ತಾಂಡಾ ಅಂದರೆ ಊರಾಚೆಯ ಕೇರಿ. ಎಲ್ಲಿ ಕೂತರು? ಒಳ್ಳೇ ಎರೆ ಹೊಲ, ಊರ ನಡುವಿನ ಜಾಗ ಆಗಲೇ ಬೇರೆಯವರ ಕೈಯಲ್ಲಿತ್ತು. ಇವರಿಗೆ ಸಿಕ್ಕಿದ್ದು ಗುಡ್ಡದ ಬುಡ, ಗಾಯರಾಣದ ಅಂಚು, ಕಲ್ಲುಮರಡಿ. ದೇವದುರ್ಗ, ಮಾನ್ವಿ ತಾಲ್ಲೂಕಿನಲ್ಲಿ ರಸ್ತೆ ಬಿಟ್ಟು ಒಳಗೆ ಹೋಗಿ, ಗುಡ್ಡದ ಮಗ್ಗುಲಲ್ಲಿ ಹತ್ತಾರು ಮನೆ ಕಂಡರೆ ಅದು ಬಹುಪಾಲು ತಾಂಡಾ. ಅದು ನಿಂತುಹೋದ ಒಂದು ದಾರಿಯ ಕೊನೆಯ ಬಿಡಾರ.

ಆ ಬಿಡಾರದಲ್ಲಿ ಏನು ಉಳಿದಿದೆ? ಬಹಳ ಉಳಿದಿದೆ. ಭಾಷೆ ಉಳಿದಿದೆ. ಗೋರಬೋಲಿ, ಸ್ವಂತ ಲಿಪಿ ಇಲ್ಲ, ರಾಜಸ್ಥಾನದ ಮಾತುಗಳ ನೆಂಟಸ್ತಿಕೆ ಇದೆ, ಕೃಷ್ಣಾ ತೀರದಲ್ಲಿ ಇವತ್ತಿಗೂ ಅಜ್ಜಿ ಮೊಮ್ಮಗಳಿಗೆ ಅದರಲ್ಲೇ ಜೋಗುಳ ಹಾಡ್ತಾಳೆ. ನಾಯಕ, ಕಾರಭಾರಿ, ಡಾವ್ ಉಳಿದಿದ್ದಾರೆ. ಸೇವಾಲಾಲರು ಉಳಿದಿದ್ದಾರೆ. ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪ ಅವರ ಜನ್ಮಸ್ಥಳ ಅಂತ ನಂಬಿಕೆ, ದನ ಕಾಯ್ದ ಸಂತ ಅವರು. ಹುಟ್ಟಿದ್ದು 1739ರ ಫೆಬ್ರವರಿ 15 ಅಂತ ಸಮುದಾಯ ಹೇಳುತ್ತೆ, ಸರ್ಕಾರವೂ ಅವತ್ತೇ ಜಯಂತಿ ಮಾಡುತ್ತೆ. ಇನ್ನು ಹೆಣ್ಣುಮಕ್ಕಳ ಕಸೂತಿ. ಕವಡೆ, ಕನ್ನಡಿ, ಬಣ್ಣದ ದಾರ. ನಡೆಯುತ್ತಲೇ ಇರುವವರಿಗೆ ಗೋಡೆ ಎಲ್ಲಿ, ಗೋಡೆ ಮೇಲೆ ಚಿತ್ರ ಎಲ್ಲಿ? ಹಾಗಾಗಿ ಚೆಲುವೆಲ್ಲ ಬಟ್ಟೆಯ ಮೇಲೆ, ಚೀಲದ ಮೇಲೆ, ಕೊಡ ಹೊರುವ ಸಿಂಬಿಯ ಮೇಲೆ, ಎತ್ತಿನ ಜೂಲದ ಮೇಲೆ ಬಂತು. ಎತ್ತಿನ ಕೊಂಬಿಗೂ ಕವಡೆ, ಹೆಣ್ಣುಮಗಳ ಸೆರಗಿಗೂ ಕವಡೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಆಯಿತು. ವಿದೇಶಿ ಗಣ್ಯರು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಸರಿ. ಆದರೆ ಆ ಕಸೂತಿ ಹಾಕುವ ಹೆಣ್ಣುಮಗಳ ಮನೆ ಯಾರ ಹೆಸರಲ್ಲಿದೆ ಅಂತ ಕೇಳಿದವರು ಎಷ್ಟು ಜನ?

ಇದು ನೋಡಿ ನಿಜವಾದ ಪ್ರಶ್ನೆ. ತಾಂಡಾಗಳು ನೂರು ವರ್ಷದಿಂದ ಅಲ್ಲೇ ಇದ್ದರೂ ಕಂದಾಯ ದಾಖಲೆಯಲ್ಲಿ ಇರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅದು ಗಾಯರಾಣ, ಅಥವಾ ಅರಣ್ಯ, ಅಥವಾ ಇನ್ಯಾರದೋ ಸರ್ವೆ ನಂಬರ್. ಮನೆ ಇದೆ, ಹಕ್ಕುಪತ್ರ ಇಲ್ಲ. ಹಕ್ಕುಪತ್ರ ಇಲ್ಲ ಅಂದರೆ ಬ್ಯಾಂಕಿನಲ್ಲಿ ಸಾಲ ಇಲ್ಲ. ವಾಸಿಸುವವನೇ ಮನೆಯ ಒಡೆಯ ಅಂತ ಕಾನೂನು ತಿದ್ದುಪಡಿ ಬಂತು, ಸರ್ಕಾರಗಳು ಬದಲಾದವು, ಕೆಲಸ ನಿಧಾನಕ್ಕೆ ನಡೀತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ದೊಡ್ಡ ಸಮಾರಂಭ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಐದು ಜಿಲ್ಲೆಯ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ. ಪ್ರಧಾನಿಯೇ ಬಂದಿದ್ದರು. ದಾಖಲೆಯಲ್ಲಿಲ್ಲದ ಸುಮಾರು 1,475 ಜನವಸತಿಗಳನ್ನು ಈ ಜಿಲ್ಲೆಗಳಲ್ಲಿ ಕಂದಾಯ ಗ್ರಾಮ ಅಂತ ಘೋಷಿಸಲಾಗಿತ್ತು. ಯಾವ ಪಕ್ಷದ ಸರ್ಕಾರ ಶುರು ಮಾಡಿತು, ಯಾವ ಪಕ್ಷ ಹಂಚಿತು ಅಂತ ಅವರು ಕಿತ್ತಾಡಿಕೊಳ್ಳಲಿ. ಒಂದು ದೇಶ ತನ್ನ ನೆಲದಲ್ಲೇ ಸಾವಿರಕ್ಕೂ ಹೆಚ್ಚು ಊರುಗಳನ್ನು ಇಷ್ಟು ವರ್ಷ ಊರು ಅಂತ ಬರೆದುಕೊಂಡಿರಲಿಲ್ಲ ಅನ್ನೋದು ನನಗೆ ಅದಕ್ಕಿಂತ ದೊಡ್ಡ ಸುದ್ದಿ.

ಇನ್ನೊಂದು ವಿಚಿತ್ರ ಕೇಳಿ. ರಾಯಚೂರಿನಿಂದ ಕೃಷ್ಣೆ ದಾಟಿದರೆ ತೆಲಂಗಾಣ. ಈ ದಡದಲ್ಲಿ ಲಂಬಾಣಿ ಪರಿಶಿಷ್ಟ ಜಾತಿ. ಆ ದಡದಲ್ಲಿ ಅದೇ ಲಂಬಾಣಿ, ಅದೇ ಭಾಷೆ, ಬೀಗರು ನೆಂಟರು, ಆದರೆ ಪರಿಶಿಷ್ಟ ಪಂಗಡ. ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ. ಎತ್ತು ಹೊಡೆದುಕೊಂಡು ಹೋದಾಗ ಈ ಗಡಿ ಯಾವುದೂ ಇರಲಿಲ್ಲ. ನಾವು ಗೆರೆ ಎಳೆದೆವು, ಒಂದೇ ಜನ ಮೂರು ಜನ ಆದರು.

ದಾರಿಯ ಕಥೆ ಏನಾಯಿತು? ತುಂಗಭದ್ರಾ ಎಡದಂಡೆ ಕಾಲುವೆ ಬಂತು, ಮಾನ್ವಿ ಕಡೆ ಭತ್ತ ಬಂತು. ನಾರಾಯಣಪುರ ಬಲದಂಡೆ ಕಾಲುವೆ ಬಂತು, ದೇವದುರ್ಗಕ್ಕೂ ನೀರು ಬಂತು. ನೀರು ಬಂದದ್ದು ಪುಣ್ಯ. ಆದರೆ ಜಮೀನಿನ ಬೆಲೆ ಏರಿದ ಕೂಡಲೇ ಬೀಳು ಕಾಣೆ, ಗಾಯರಾಣ ಕಾಣೆ, ಬಂಡಿ ದಾರಿ ಕಾಣೆ. ಹಳ್ಳಿಯ ನಕಾಶೆ ತೆಗೆದು ನೋಡಿ. ಹಳೇ ಬಂಡಿ ಜಾಡು, ಕಾಲುದಾರಿ ಗೆರೆಯಾಗಿ ಇರುತ್ತೆ. ಹೊಲದಲ್ಲಿ ಹೋಗಿ ನೋಡಿದರೆ ಅಲ್ಲಿ ಭತ್ತ. ನಮ್ಮ ಕಂದಾಯ ನಿಯಮದಲ್ಲೇ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಮೀಸಲಿಡಬೇಕು ಅಂತಿದೆ. ಎಷ್ಟು ಊರಲ್ಲಿ ಇದೆ? ಎತ್ತುಗಳ ಕಥೆಯೂ ಅದೇ. ಎರೆ ಭೂಮಿ ಉಳುವುದಕ್ಕೆ ಅಂತಲೇ ಹತ್ತೊಂಬತ್ತನೇ ಶತಮಾನದಲ್ಲಿ ಬೆಳೆಸಿದ ಕೃಷ್ಣಾ ಕಣಿವೆ ತಳಿ ಅಂತ ಇದೆ. ಆನೆಯಂಥ ಎತ್ತು. ಟ್ರ್ಯಾಕ್ಟರ್ ಬಂದ ಮೇಲೆ ಅದನ್ನು ಹುಡುಕಿಕೊಂಡು ಹೋಗಿ ನೋಡಬೇಕಾದ ಸ್ಥಿತಿ.

ಬೇರೆ ದೇಶದವರು ಏನು ಮಾಡಿದರು? ಸ್ಪೇನ್ ನೋಡಿ. ಅಲ್ಲಿ ಕುರಿ, ದನ ಹೊಡೆದುಕೊಂಡು ಹೋಗುವ ಹಳೇ ದಾರಿಗಳು ಸುಮಾರು 1,25,000 ಕಿಲೋಮೀಟರ್. 1995ರಲ್ಲಿ ಕಾನೂನು ಮಾಡಿ, ಇವು ಸಾರ್ವಜನಿಕ ಆಸ್ತಿ, ಯಾರೂ ಒತ್ತುವರಿ ಮಾಡುವಂತಿಲ್ಲ ಅಂದರು. ವರ್ಷಕ್ಕೊಮ್ಮೆ ರಾಜಧಾನಿ ಮ್ಯಾಡ್ರಿಡ್ಡಿನ ನಡುಬೀದಿಯಲ್ಲಿ ಕುರಿಹಿಂಡು ಹೋಗುತ್ತೆ. ಕುರುಬರು 1418ರ ಒಪ್ಪಂದದ ಪ್ರಕಾರ ನಗರಕ್ಕೆ ದಾರಿಯ ಸುಂಕ ಕಟ್ಟುತ್ತಾರೆ, ಹಳೇ ನಾಣ್ಯದ ಲೆಕ್ಕದಲ್ಲಿ. ಕಾರುಗಳು ನಿಂತು ಕಾಯ್ತವೆ. ಅದು ಬರೀ ತಮಾಷೆ ಅಲ್ಲ. ದಾರಿಯ ಹಕ್ಕು ಇನ್ನೂ ಜೀವಂತ ಇದೆ ಅಂತ ವರ್ಷಕ್ಕೊಮ್ಮೆ ನೆನಪು ಮಾಡುವ ಕೆಲಸ. 2019ರಲ್ಲಿ ಯುನೆಸ್ಕೋ ಯುರೋಪಿನ ಈ ದನ-ಕುರಿ ವಲಸೆಯ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. 2023ರಲ್ಲಿ ಸ್ಪೇನ್ ಕೂಡ ಅದರಲ್ಲಿ ಸೇರಿತು.

ನಮ್ಮಲ್ಲಿ ಅಷ್ಟೆಲ್ಲ ಬೇಡ. ಮೂರು ಕೆಲಸ ಸಾಕು. ಮೊದಲನೆಯದು, ಉಳಿದಿರುವ ಬೂದಿ ದಿಬ್ಬಗಳಿಗೆ ಒಂದು ಬೇಲಿ, ಒಂದು ಬೋರ್ಡು. ಇದು ನಿಮ್ಮ ಊರಿನ ಮೊದಲ ದೊಡ್ಡಿ ಅಂತ ಕನ್ನಡದಲ್ಲಿ ಬರೆದು ಹಾಕಿ, ಊರಿನವರೇ ಕಾಯ್ತಾರೆ. ಎರಡನೆಯದು, ತಾಂಡಾದ ಹಿರಿಯರು ಬದುಕಿರುವಾಗಲೇ ಅವರ ನೆನಪಿನ ದಾರಿಯನ್ನು ಬರೆದುಕೊಳ್ಳಿ. ಯಾವ ಹಳ್ಳ, ಯಾವ ಕಡವು, ಯಾವ ಬಾವಿ ಅಂತ ಅವರ ಹಾಡುಗಳಲ್ಲೇ ಇದೆ. ಲಿಪಿ ಇಲ್ಲದ ಭಾಷೆಯಲ್ಲಿ ಒಬ್ಬ ಅಜ್ಜಿ ಹೋದರೆ ಒಂದು ದಾಖಲೆ ಕಚೇರಿ ಸುಟ್ಟ ಹಾಗೆ. ರಾಯಚೂರಿನಲ್ಲಿ ವಿಶ್ವವಿದ್ಯಾಲಯ ಇದೆ, ಓದುವ ಲಂಬಾಣಿ ಹುಡುಗ ಹುಡುಗಿಯರಿದ್ದಾರೆ, ಅವರ ಕೈಗೆ ಈ ಕೆಲಸ ಕೊಡಿ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹಕ್ಕುಪತ್ರ ಬಾಕಿ ಇರುವ ತಾಂಡಾಗಳ ಕೆಲಸ ಮುಗಿಸಿ. ಸಮಾರಂಭ ಆಯಿತು, ಫೋಟೋ ಆಯಿತು. ಪ್ರತಿ ಮನೆಗೂ ಕಾಗದ ತಲುಪಿತಾ, ಅದರ ಮೇಲೆ ಬ್ಯಾಂಕು ಸಾಲ ಕೊಡ್ತಿದೆಯಾ, ತಾಂಡಾಕ್ಕೆ ರಸ್ತೆ ಬಂತಾ, ಶಾಲೆ ಬಂತಾ? ಇದನ್ನು ಯಾರಾದರೂ ಊರೂರಿಗೆ ಹೋಗಿ ನೋಡಬೇಕಲ್ಲ.

ನಮ್ಮ ತಪ್ಪನ್ನೂ ಹೇಳಿಬಿಡ್ತೀನಿ. ರಾಯಚೂರು ಅಂದ ಕೂಡಲೇ ನಮ್ಮ ಚಾನೆಲ್‌ಗಳಲ್ಲಿ ಏನು ಬರುತ್ತೆ? ಬಿಸಿಲು, ಬರ, ಗುಳೆ. ದೇವದುರ್ಗ, ಮಾನ್ವಿಯ ತಾಂಡಾದಿಂದ ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ದುಡಿಯಾಕ ಹೋಗುವವರ ದೃಶ್ಯ ತೋರಿಸ್ತೀವಿ. ಪಾಪ ಅಂತೀವಿ. ಅವರ ಮುತ್ತಾತ ಕೂಡ ಇದೇ ರೀತಿ ಹೆಂಡತಿ ಮಕ್ಕಳ ಜೊತೆ ಹೊರಡ್ತಿದ್ದ. ಆದರೆ ಅವತ್ತು ಅವನು ಮಾಲೀಕ. ಮುಂದೆ ಅವನದೇ ಎತ್ತು, ಬೆನ್ನ ಮೇಲೆ ಅವನದೇ ಸರಕು, ದಂಡಿನ ಸರದಾರರೂ ಅವನಿಗಾಗಿ ಕಾಯ್ತಿದ್ದರು. ಇವತ್ತು ಅವನು ಯಾರದೋ ಕಟ್ಟಡಕ್ಕೆ ಕಲ್ಲು ಹೊರುವ ಕೂಲಿ. ಇಬ್ಬರೂ ನಡೀತಾರೆ, ಎರಡು ನಡಿಗೆ ಒಂದೇ ಅಲ್ಲ.

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಪುಣೆ, ಬೆಂಗಳೂರಿನ ಬಸ್ಸಿಗೆ ಗಂಟು ಹೊತ್ತು ಕಾಯುವವರು ಕೋಟೆಗೆ ಬೆನ್ನು ಹಾಕಿ ಕೂತಿರ್ತಾರೆ. ಹಿಂದೆ ಕಲ್ಲಿನಲ್ಲಿ ದನಗಳ ಸಾಲಿದೆ, ಅವುಗಳನ್ನು ಹೊಡೆದುಕೊಂಡು ಹೋಗುವ ಹೆಸರಿಲ್ಲದ ಆಳುಗಳಿದ್ದಾರೆ. ಮುಂದಿನ ಸಲ ಅಲ್ಲಿ ಇಳಿದರೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಒಂದು ಸಲ ಒಳಗೆ ಹೋಗಿ ಆ ಚಿತ್ರ ನೋಡಿ. ಆಮೇಲೆ ಹೊರಗೆ ಬಂದು, ಆ ಗಂಟು ಹಿಡಿದು ಕೂತವರ ಮುಖ ನೋಡಿ.